ಶೇಕ್ಸ್‌ಪಿಯರ್ ಅಕ್ಕಪಕ್ಕ ಯಾರ್ಯಾರು ಇದ್ದರು? ಹಳೆಯ ಇಂಗ್ಲಿಷ್ ನಾಟಕ ಎಲ್ಲಿಂದ ಓದಲಿ?

ಕೊನೇ ಬೆಂಚು

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಓದು ರಸಾಯನಶಾಸ್ತ್ರದ್ದು, ಹುಚ್ಚು ಮಾತ್ರ ಹಳೆಯ ಇಂಗ್ಲಿಷ್ ನಾಟಕದ್ದು. ಚಿಕ್ಕವನಿದ್ದಾಗ ಶೇಕ್ಸ್‌ಪಿಯರ್‌ನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ಯೆಹೂದಿ ಸಾಹುಕಾರ ಶೈಲಾಕ್‌ನ ಕೋರ್ಟ್ ದೃಶ್ಯದಿಂದ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಪಿಯುಸಿಯಲ್ಲಿ ಕುವೆಂಪು ಅವರ ‘ರಕ್ತಾಕ್ಷಿ’ ಓದಿದೆ. ಅದರ ಹಿಂದೆ ‘ಹ್ಯಾಮ್ಲೆಟ್’ ಇದೆ ಅಂತ ಗೊತ್ತಾಗಿ ಅದನ್ನೂ ಹುಡುಕಿಕೊಂಡು ಹೋದೆ. ಆಮೇಲೆ ಶೇಕ್ಸ್‌ಪಿಯರ್ ಒಂದೊಂದೇ ಮುಗಿಯುತ್ತಾ ಬಂತು.

ಈಗ ತಲೆ ಕೊರೆಯುತ್ತಿರುವ ವಿಷಯ ಬೇರೆ. ‘ಹ್ಯಾಮ್ಲೆಟ್’ ಅಡಿಟಿಪ್ಪಣಿಗಳಲ್ಲಿ ಕಿಡ್, ಮಾರ್ಲೋ, ಜಾನ್ಸನ್ ಅಂತ ಹೆಸರುಗಳು ಪದೇ ಪದೇ ಬರುತ್ತವೆ. ಲಂಡನ್ನಿನಲ್ಲಿ 1576ರಲ್ಲಿ ‘ದಿ ಥಿಯೇಟರ್’ ಅನ್ನುವ ನಾಟಕಶಾಲೆ ಕಟ್ಟಿದರು. 1642ರಲ್ಲಿ ಪಾರ್ಲಿಮೆಂಟು ಎಲ್ಲ ನಾಟಕಶಾಲೆಗಳನ್ನೂ ಮುಚ್ಚಿಸಿತು. ನಡುವೆ ಇರುವುದು ಬರೀ 66 ವರ್ಷ. ಅಷ್ಟರಲ್ಲಿ ಅಷ್ಟು ಜನ ಬರಹಗಾರರು ಒಂದೇ ಊರಲ್ಲಿ ಹೇಗೆ ಹುಟ್ಟಿಕೊಂಡರು? ಎರಡನೇ ಪ್ರಶ್ನೆ, ಶೇಕ್ಸ್‌ಪಿಯರ್ ಬಿಟ್ಟು ಮೊದಲು ಓದಬೇಕಾದ ನಾಟಕ ಯಾವುದು?

ಕಾಲೇಜಿನಲ್ಲಿ ಕೇಳಿದರೆ “ಪರೀಕ್ಷೆಗೆ ಬರಲ್ಲ” ಅಂತಾರೆ. “ಅವನು ಮಹಾಕವಿ, ಅವನನ್ನೇ ಮತ್ತೆ ಓದು” ಅನ್ನುವ ಉತ್ತರ ದಯವಿಟ್ಟು ಬೇಡ.

ಹಳೇ ಮೇಷ್ಟ್ರು

ಉತ್ತರವನ್ನು ಪ್ರತಿಭೆಯಿಂದ ಶುರು ಮಾಡಬೇಡಪ್ಪ, ಬಾಡಿಗೆಯಿಂದ ಶುರು ಮಾಡು.

‘ದಿ ಥಿಯೇಟರ್’ ಕಟ್ಟಿಸಿದ ಜೇಮ್ಸ್ ಬರ್ಬೇಜ್ ಮೂಲದಲ್ಲಿ ಮರಗೆಲಸದವನು. ಅದಕ್ಕೆ ಮುಂಚೆ ತಂಡಗಳು ಊರೂರು ತಿರುಗುತ್ತಿದ್ದವು. ಹೊಸ ಊರಿಗೆ ಹೋದರೆ ಹಳೆಯ ನಾಟಕವೂ ಹೊಸದೇ. ಕೈಯಲ್ಲಿ ನಾಲ್ಕೈದು ನಾಟಕ ಇದ್ದರೆ ಕಾಲ ಕಳೆಯುತ್ತಿತ್ತು. ಒಂದೇ ಊರಲ್ಲಿ, ಒಂದೇ ಕಟ್ಟಡದಲ್ಲಿ ಕೂತಾಗ ಕಥೆ ಬೇರೆ. ಬರುವುದು ಅದೇ ಲಂಡನ್ ಜನ. 1600ರ ಹೊತ್ತಿಗೆ ಆ ಊರಿನ ಜನಸಂಖ್ಯೆ ಸುಮಾರು ಎರಡು ಲಕ್ಷ. ಅವರೇ ಮತ್ತೆ ಮತ್ತೆ ಬರಬೇಕು ಅಂದರೆ ನಾಟಕ ಬದಲಾಗುತ್ತಲೇ ಇರಬೇಕು.

‘ರೋಸ್’ ನಾಟಕಶಾಲೆಯ ಯಜಮಾನ ಫಿಲಿಪ್ ಹೆನ್ಸ್ಲೋ ಬರೆದಿಟ್ಟ ಲೆಕ್ಕದ ಪುಸ್ತಕ ಇವತ್ತಿಗೂ ಇದೆ. ಯಾವ ದಿನ ಯಾವ ನಾಟಕ, ಎಷ್ಟು ದುಡ್ಡು ಬಂತು, ಯಾವ ಬರಹಗಾರನಿಗೆ ಎಷ್ಟು ಮುಂಗಡ, ಎಲ್ಲ ಅದರಲ್ಲಿದೆ. ಇವತ್ತು ಆಡಿದ ನಾಟಕವನ್ನು ನಾಳೆಯೂ ಆಡುವುದು ಅಪರೂಪ. ಒಂದು ಹೊಸ ನಾಟಕಕ್ಕೆ ಬರಹಗಾರನಿಗೆ ಸುಮಾರು 6 ಪೌಂಡ್. ಅದೂ ಇಬ್ಬರು ಮೂವರು ಸೇರಿ ಬರೆದರೆ ಹಂಚಿಕೊಳ್ಳಬೇಕು. ಒಮ್ಮೆ ಮಾರಿದ ಮೇಲೆ ನಾಟಕ ತಂಡದ್ದು, ಬರೆದವನದ್ದಲ್ಲ. ಥಾಮಸ್ ಹೇವುಡ್ ಅನ್ನುವವನು 220 ನಾಟಕಗಳಲ್ಲಿ ತನ್ನ ಕೈ ಇದೆ ಅಂತ ತಾನೇ ಬರೆದುಕೊಂಡಿದ್ದಾನೆ.

ಬರೆಯುವವರೂ ಸಿಕ್ಕಿದರು. ಗ್ರಾಮರ್ ಸ್ಕೂಲುಗಳಲ್ಲಿ ಹುಡುಗರಿಗೆ ಲ್ಯಾಟಿನ್ ಅರೆದು ಕುಡಿಸುತ್ತಿದ್ದರು. ರೋಮನ್ ನಾಟಕಕಾರರಾದ ಸೆನೆಕಾ, ಪ್ಲಾಟಸ್ ಬಾಯಿಪಾಠ. ಮಾರ್ಲೋ ಕ್ಯಾಂಟರ್ಬರಿಯ ಚಮ್ಮಾರನ ಮಗ, ವಿದ್ಯಾರ್ಥಿವೇತನದಲ್ಲಿ ಕೇಂಬ್ರಿಜ್‌ಗೆ ಹೋದವನು. ಕಿಡ್ ದಸ್ತಾವೇಜು ಬರೆಯುವವನ ಮಗ. ಜಾನ್ಸನ್‌ನ ಮಲತಂದೆ ಗಾರೆ ಕೆಲಸದವನು, ಜಾನ್ಸನ್ ಸ್ವತಃ ಇಟ್ಟಿಗೆ ಕಟ್ಟಿದವನು. ಓದು ತಲೆ ತುಂಬ, ಜೇಬು ಖಾಲಿ. ಪಾದ್ರಿಯಾಗಬೇಕು ಇಲ್ಲವೇ ಮೇಷ್ಟ್ರಾಗಬೇಕು. ಅಷ್ಟರಲ್ಲಿ ನಾಟಕಶಾಲೆ ಬಾಗಿಲು ತೆಗೆದು ನಗದು ಕೊಡುತ್ತೇನೆ ಅಂದಿತು.

ಮೊದಲು ಓದಬೇಕಾದ್ದು ಮಾರ್ಲೋನ ‘ಡಾಕ್ಟರ್ ಫೌಸ್ಟಸ್’. ಅದರಲ್ಲಿ ಎರಡನೇ ಮಾತಿಲ್ಲ.

ಸೈಡ್ ವಿಂಗ್

ಎರಡನೇ ಮಾತು ಇದೆ ಮೇಷ್ಟ್ರೇ, ನನ್ನದು!

ಹವ್ಯಾಸಿ ತಂಡವೊಂದರಲ್ಲಿ ನಟನೆ, ಬೆಳಕು, ಚಹಾ ತರುವುದು ಎಲ್ಲ ಮಾಡುತ್ತೇನೆ. ಕೊನೇ ಬೆಂಚಿನವರಿಗೆ ನನ್ನ ಸಲಹೆ ಇಷ್ಟು. ಇವು ಓದಲಿಕ್ಕೆ ಬರೆದವಲ್ಲ ಅನ್ನುವುದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಆಗಿನ ನಟರಿಗೆ ಪೂರ್ತಿ ನಾಟಕ ಕೊಡುತ್ತಲೇ ಇರಲಿಲ್ಲ. ಕೈಬರಹದಲ್ಲಿ ಪ್ರತಿ ಮಾಡುವುದು ದುಬಾರಿ, ಕದ್ದು ಮಾರುವ ಭಯವೂ ಇತ್ತು. ನಿಮ್ಮ ಪಾರ್ಟಿನ ಮಾತು, ಅದಕ್ಕೆ ಮುಂಚೆ ಎದುರಿನವನು ಆಡುವ ಕೊನೆಯ ಎರಡು ಮೂರು ಪದ, ಅಷ್ಟೇ ಬರೆದು ಉದ್ದ ಸುರುಳಿ ಮಾಡಿ ಕೊಡುತ್ತಿದ್ದರು. ಎಡ್ವರ್ಡ್ ಆಲಿನ್ ಅನ್ನುವ ದೊಡ್ಡ ನಟನ ಅಂಥ ಒಂದು ಸುರುಳಿ ಉಳಿದುಕೊಂಡಿದೆ. ರಾಬರ್ಟ್ ಗ್ರೀನ್‌ನ ‘ಒರ್ಲಾಂಡೋ ಫ್ಯೂರಿಯೋಸೋ’ ನಾಟಕದ ಪಾರ್ಟು ಅದು.

ಇದರ ಪರಿಣಾಮ ಯೋಚಿಸಿ. ಎದುರಿನವನು ಎಷ್ಟು ಹೊತ್ತು ಮಾತಾಡುತ್ತಾನೋ ನಿಮಗೆ ಗೊತ್ತಿಲ್ಲ. ಆ ಕೊನೆಯ ಪದ, ಅಂದರೆ ಕ್ಯೂ, ಯಾರು ಕೊಡುತ್ತಾರೆ ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ಕಿವಿ ಕೊಟ್ಟು ಕಾಯಲೇಬೇಕು. ನಾವು ಒಮ್ಮೆ ‘ಮ್ಯಾಕ್‌ಬೆತ್’ ದೃಶ್ಯ ಹೀಗೆ ಮಾಡಿದೆವು. ಕೊಲೆ ಆದ ಮೇಲೆ ಗಂಡ ಹೆಂಡತಿ ಒಂದೊಂದು ಪದದಲ್ಲಿ ಮಾತಾಡುತ್ತಾರಲ್ಲ, ಅಲ್ಲಿ ನಮ್ಮ ನಟರ ಮುಖದಲ್ಲಿ ಬಂದ ಗಾಬರಿ ಯಾವ ತಾಲೀಮಿನಲ್ಲೂ ಬಂದಿರಲಿಲ್ಲ.

ಆದ್ದರಿಂದ ನಾಲ್ಕು ಜನರನ್ನು ಸೇರಿಸಿ ಜೋರಾಗಿ ಓದಿ. ಒಬ್ಬರೇ ಕೂತು ಪೆನ್ಸಿಲ್‌ನಲ್ಲಿ ಗೆರೆ ಎಳೆದರೆ ಜೀವ ಹೋಗುತ್ತೆ.

ಬೇವು ಬೆಲ್ಲ

ಎಲ್ಲ ಸರಿ. ಆದರೆ ಇಂಗ್ಲಿಷಿನವರ ಹಳೇ ಸರಕನ್ನು ಇವತ್ತಿಗೂ ನಾವೇ ಯಾಕೆ ಹೊರಬೇಕು? ಆಳಿದವರು ಶಾಲೆಯಲ್ಲಿ ತುರುಕಿ ಹೋದದ್ದು ತಾನೇ? ಈ ಹುಡುಗ ಹೇಳುವ ಕೋರ್ಟ್ ದೃಶ್ಯವನ್ನೇ ನೋಡಿ. ಯೆಹೂದಿಯೊಬ್ಬನನ್ನು ಸಭೆಯಲ್ಲಿ ಹಂಗಿಸಿ, ಆಸ್ತಿ ಕಿತ್ತುಕೊಂಡು, ಮತಾಂತರ ಮಾಡಿ ಚಪ್ಪಾಳೆ ಹೊಡೆಸಿಕೊಳ್ಳುವ ದೃಶ್ಯ ಅದು. ಕ್ಲಾಸಿಕ್ ಅಂದುಬಿಟ್ಟರೆ ಎಲ್ಲ ಮಾಫಿನಾ?

ಹಳೇ ಮೇಷ್ಟ್ರು

ಮಾಫಿ ಯಾಕೆ? ಆ ದೃಶ್ಯವನ್ನು ಅದರ ಊರಿಗೆ ಕರೆದುಕೊಂಡು ಹೋಗಿ ನೋಡಿದರೆ ಇನ್ನೂ ಕೆಟ್ಟದಾಗಿ ಕಾಣುತ್ತೆ. ಇಂಗ್ಲೆಂಡಿನಿಂದ ಯೆಹೂದಿಗಳನ್ನು ಓಡಿಸಿದ್ದು 1290ರಲ್ಲಿ. ಮೂರು ಶತಮಾನದ ನಂತರ ಆ ನಾಟಕ ನೋಡುತ್ತಿದ್ದ ಬಹುಪಾಲು ಜನ ತಮ್ಮ ಜೀವಮಾನದಲ್ಲಿ ಒಬ್ಬ ಯೆಹೂದಿಯನ್ನೂ ಭೇಟಿ ಮಾಡಿರಲಿಕ್ಕಿಲ್ಲ. 1594ರ ಜೂನ್‌ನಲ್ಲಿ ರಾಣಿಯ ವೈದ್ಯ ಲೋಪೆಜ್‌ನನ್ನು ವಿಷ ಹಾಕುವ ಸಂಚಿನ ಆರೋಪದ ಮೇಲೆ ಗಲ್ಲಿಗೇರಿಸಿದರು. ಅವನು ಯೆಹೂದಿ ಮೂಲದ ಪೋರ್ಚುಗೀಸ. ಅದೇ ವರ್ಷ ಹೆನ್ಸ್ಲೋನ ಲೆಕ್ಕದಲ್ಲಿ ಮಾರ್ಲೋನ ‘ದಿ ಜ್ಯೂ ಆಫ್ ಮಾಲ್ಟಾ’ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಊರಿನ ಸಿಟ್ಟು ಟಿಕೆಟ್ಟಾಯಿತು. ಶೈಲಾಕ್ ಬಂದದ್ದು ಅದಾದ ಎರಡು ಮೂರು ವರ್ಷಕ್ಕೆ.

ಮಾರ್ಲೋನ ಆ ನಾಟಕದ ಯೆಹೂದಿ ನಾಯಕ ಬರಾಬಾಸ್ ಬಾವಿಗೆ ವಿಷ ಹಾಕುವ ರಾಕ್ಷಸ. ಆದರೆ ಆ ನಾಟಕದ ಕ್ರೈಸ್ತರು, ತುರ್ಕರು ಯಾರೂ ಅವನಿಗಿಂತ ಮೇಲಲ್ಲ. ಇವೆರಡನ್ನೂ ಜೊತೆಯಲ್ಲಿಟ್ಟು ಓದಿದರೆ ಶೇಕ್ಸ್‌ಪಿಯರ್ ಎಲ್ಲಿ ಒಂದು ಹೆಜ್ಜೆ ಮುಂದೆ ಹೋದ, ಎಲ್ಲಿ ಜನದ ಜೊತೆ ಸೇರಿ ಹಂಗಿಸಿದ ಅನ್ನುವುದು ಗೊತ್ತಾಗುತ್ತೆ. ಅವನೊಬ್ಬನನ್ನೇ ಓದಿದರೆ ಗೊತ್ತಾಗಲ್ಲ. ಪಕ್ಕದವರನ್ನು ಓದು ಅಂತ ನಾನು ಹೇಳುವುದು ಇದಕ್ಕೇ.

ಕೊನೇ ಬೆಂಚು

@ಬೇವು ಬೆಲ್ಲ, ನನ್ನ ಮಟ್ಟಿಗೆ ಇದು ಕನ್ನಡದ ಮೂಲಕವೇ ಬಂತು. ಕುವೆಂಪು ‘ಟೆಂಪೆಸ್ಟ್’ ಇಟ್ಟುಕೊಂಡು ‘ಬಿರುಗಾಳಿ’ ಬರೆದರು. ‘ರಕ್ತಾಕ್ಷಿ’ಯಲ್ಲಿ ಡೆನ್ಮಾರ್ಕ್ ಬಿಟ್ಟು ಬಿದನೂರಿಗೆ ಬಂದರು. ಅವರಿಗೂ ಮುಂಚೆ ಶ್ರೀಕಂಠೇಶ ಗೌಡರು ‘ಮ್ಯಾಕ್‌ಬೆತ್’ ತಗೊಂಡು ‘ಪ್ರತಾಪರುದ್ರದೇವ’ ಮಾಡಿದ್ದರು. ಬೇಕಾದ್ದು ತಗೊಂಡರು, ಬೇಡದ್ದು ಬಿಟ್ಟರು. ಹೊರೆ ಅಂತ ಅವರಿಗೆ ಅನಿಸಿದ ಹಾಗೆ ಕಾಣಲ್ಲ.

ಶೈಲಾಕ್ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಲೋಪೆಜ್ ವಿಷಯ ಗೊತ್ತೇ ಇರಲಿಲ್ಲ.

ಬೇವು ಬೆಲ್ಲ

ಕುವೆಂಪು ಹೆಸರು ಹೇಳಿ ಬಾಯಿ ಮುಚ್ಚಿಸೋದು ಹಳೇ ಉಪಾಯ. ಇರಲಿ. ನನ್ನ ತಕರಾರು ಹಾಗೇ ಇದೆ, ಆದರೆ ಓದ್ತಾ ಇದ್ದೇನೆ, ಮುಂದುವರಿಸಿ.

ಥೇಮ್ಸ್ ದಡದ ಕನ್ನಡತಿ

ಕೆಲಸದ ಮೇಲೆ ಲಂಡನ್ನಿಗೆ ಬಂದವಳು, ಇಲ್ಲೇ ಉಳಿದುಬಿಟ್ಟೆ. ಒಂದೆರಡು ಮಾತು ಸೇರಿಸುತ್ತೇನೆ.

ಈಗಿನ ‘ಗ್ಲೋಬ್’ 1997ರಲ್ಲಿ ತೆರೆದದ್ದು, ಹಳೆಯದರ ಮಾದರಿ. ಮೂಲ ಗ್ಲೋಬ್ 1599ರದು. ಮೇಷ್ಟ್ರು ಬಾಡಿಗೆ ಅಂದರಲ್ಲ, ಅದರ ಮುಂದಿನ ಕಥೆ ಇದು. ‘ದಿ ಥಿಯೇಟರ್’ ಇದ್ದ ಜಾಗದ ಒಡೆಯನ ಜೊತೆ ಗುತ್ತಿಗೆ ಜಗಳ ಆಯಿತು. ಜಾಗ ಅವನದು, ಕಟ್ಟಡ ನಮ್ಮದು ಅಂತ ಬರ್ಬೇಜ್‌ನ ಮಕ್ಕಳು 1598ರ ಕ್ರಿಸ್‌ಮಸ್ ಸಮಯದಲ್ಲಿ ತೊಲೆಗಳನ್ನೆಲ್ಲ ಬಿಚ್ಚಿಕೊಂಡು ಹೊರಟರು. ಆ ಮರದಿಂದಲೇ ನದಿಯಾಚೆ ಗ್ಲೋಬ್ ಎದ್ದಿತು. 1613ರಲ್ಲಿ ‘ಎಂಟನೇ ಹೆನ್ರಿ’ ಆಡುವಾಗ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಚಾವಣಿಗೆ ಬಿದ್ದು ಪೂರ್ತಿ ಸುಟ್ಟುಹೋಯಿತು. ಒಬ್ಬನ ಚಡ್ಡಿಗೆ ಬೆಂಕಿ ತಗುಲಿತಂತೆ, ಬಾಟಲಿಯಲ್ಲಿದ್ದ ಬಿಯರ್ ಸುರಿದು ಆರಿಸಿಕೊಂಡನಂತೆ. ಆ ಕಾಲದ ಪತ್ರವೊಂದರಲ್ಲೇ ಇದೆ.

ಅಂಗಳದಲ್ಲಿ ನಿಂತು ನೋಡಲು ಆಗ ಒಂದು ಪೆನ್ನಿ, ನಮ್ಮ ಟೆಂಟ್ ಸಿನಿಮಾದ ನೆಲದ ಟಿಕೆಟ್ಟಿನ ಹಾಗೆ. ಈಗಲೂ ನಿಲ್ಲುವ ಟಿಕೆಟ್ಟೇ ಅಗ್ಗ. ಮಳೆ ಬಂದರೆ ನೆನೆಯಬೇಕು, ಕೊಡೆ ಬಿಚ್ಚಂಗಿಲ್ಲ. ನಿಂತಾಗ ಒಂದು ವಿಷಯ ತಿಳಿಯಿತು. ನಟನಿಗೆ ನನ್ನ ಮುಖ ಕಾಣುತ್ತದೆ. ಮಧ್ಯಾಹ್ನದ ಬೆಳಕು ಇಬ್ಬರ ಮೇಲೂ ಒಂದೇ. ಸ್ವಗತ ಅಂದರೆ ತನಗೆ ತಾನೇ ಗೊಣಗಿಕೊಳ್ಳುವುದು ಅಂದುಕೊಂಡಿದ್ದೆ. ಅಲ್ಲಿ ‘ಒಥೆಲೋ’ ನಾಟಕದ ಖಳ ಇಯಾಗೋ ನನ್ನನ್ನೇ ನೋಡಿ, ನಾನು ಮಾಡಿದ್ದರಲ್ಲಿ ತಪ್ಪೇನಿದೆ ಅಂತ ಕೇಳಿದ. ಉತ್ತರ ಹೊಳೆಯಲಿಲ್ಲ.

ಇನ್ನೊಂದು ಮಜಾ. 1599ರಲ್ಲಿ ಥಾಮಸ್ ಪ್ಲಾಟರ್ ಎಂಬ ಸ್ವಿಸ್ ಪ್ರವಾಸಿ ಜೂಲಿಯಸ್ ಸೀಸರನ ನಾಟಕ ನೋಡಿ ಬರೆದಿಟ್ಟಿದ್ದಾನೆ. ಸೀಸರ್, ಬ್ರೂಟಸ್ ಎಲ್ಲ ಸತ್ತ ಮೇಲೆ ನಾಲ್ಕು ಜನ ಬಂದು ಚೆಂದವಾಗಿ ಕುಣಿದರಂತೆ. ಇಬ್ಬರು ಗಂಡಸರ ವೇಷದಲ್ಲಿ, ಇಬ್ಬರು ಹೆಂಗಸರ ವೇಷದಲ್ಲಿ. ದುರಂತ ಅಂದರೆ ತಲೆ ತಗ್ಗಿಸಿ ಮನೆಗೆ ಹೋಗುವುದು ಅಂತ ನಮಗೆ ಪಾಠ ಹೇಳಿದವರು ಇದನ್ನು ಹೇಳಲೇ ಇಲ್ಲ ನೋಡಿ.

ರೋಸ್ ನಾಟಕಶಾಲೆಯ ತಳಪಾಯ 1989ರಲ್ಲಿ ಕಚೇರಿ ಕಟ್ಟಡಕ್ಕೆ ಅಗೆಯುವಾಗ ಸಿಕ್ಕಿತು. ಈಗ ಆ ಕಟ್ಟಡದ ಕೆಳಗಿದೆ. ಒಣಗಿ ಬಿರುಕು ಬಿಡಬಾರದು ಅಂತ ನೀರು ನಿಲ್ಲಿಸಿ ಇಟ್ಟಿದ್ದಾರೆ.

ಪತ್ತೇದಾರ

ಮಾರ್ಲೋ ಸತ್ತೇ ಇರಲಿಲ್ಲ, ತಲೆಮರೆಸಿಕೊಂಡು ಶೇಕ್ಸ್‌ಪಿಯರ್ ಹೆಸರಲ್ಲಿ ಬರೆದ ಅಂತಾರಲ್ಲ? ಅದರ ಬಗ್ಗೆ ಯಾರೂ ಯಾಕೆ ಬಾಯಿ ಬಿಡ್ತಿಲ್ಲ?

ಹಳೇ ಮೇಷ್ಟ್ರು

ಬರುತ್ತೆ ಅಂತ ಕಾಯ್ತಾ ಇದ್ದೆ!

ಗೊತ್ತಿರುವುದು ಇಷ್ಟು. 1593ರ ಮೇ ತಿಂಗಳಲ್ಲಿ ಕಿಡ್‌ನನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಅವನ ಕೋಣೆಯಲ್ಲಿ ಸಿಕ್ಕ ಧರ್ಮವಿರೋಧಿ ಕಾಗದಗಳು ಮಾರ್ಲೋನವು ಅಂತ ಅವನು ಹೇಳಿದ. ಮಾರ್ಲೋಗೆ ರಾಣಿಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನಿಂದ ಕರೆ ಬಂತು. ಮೇ 30ರಂದು ಡೆಪ್ಟ್‌ಫರ್ಡ್‌ನಲ್ಲಿ ಎಲಿನರ್ ಬುಲ್ ಎಂಬಾಕೆಯ ಮನೆಯಲ್ಲಿ ನಾಲ್ಕು ಜನ ಇಡೀ ದಿನ ಕಳೆದರು. ಸಂಜೆ ಊಟದ ಲೆಕ್ಕಕ್ಕೆ ಜಗಳ. ಇಂಗ್ರಮ್ ಫ್ರೈಜರ್ ಅನ್ನುವವನ ಚೂರಿ ಮಾರ್ಲೋನ ಬಲಗಣ್ಣಿನ ಮೇಲೆ ಇಳಿಯಿತು. ಅಲ್ಲಿದ್ದ ಇನ್ನೊಬ್ಬ ರಾಬರ್ಟ್ ಪೋಲಿ ಸರ್ಕಾರದ ಗೂಢಚಾರ. ಫ್ರೈಜರ್‌ಗೆ ಒಂದು ತಿಂಗಳೊಳಗೆ ಕ್ಷಮೆ ಸಿಕ್ಕಿತು. ಹೆಣದ ಮೇಲಿನ ವಿಚಾರಣೆಯ ದಾಖಲೆಯನ್ನು 1925ರಲ್ಲಿ ಲೆಸ್ಲಿ ಹಾಟ್ಸನ್ ಹುಡುಕಿ ಪ್ರಕಟಿಸಿದರು.

ಜಗಳ ನಿಜವೋ ನೆಪವೋ ಅಂತ ಅನುಮಾನ ಪಡಲು ಬೇಕಾದಷ್ಟು ಜಾಗ ಇದೆ. ಸಾಯಲೇ ಇಲ್ಲ ಅನ್ನಲು ಮಾತ್ರ ಇಲ್ಲ. ಅಲ್ಲದೆ ಇಬ್ಬರ ಬರಹ ಓದಿದ ಕಿವಿಗೆ ಆ ವಾದ ನಿಲ್ಲಲ್ಲ. ಮಾರ್ಲೋನ ಪಾತ್ರಗಳು ಬೆಟ್ಟದ ತುದಿಯಲ್ಲಿ ನಿಂತು ಕೂಗುತ್ತವೆ. ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುವುದು ಕಡಿಮೆ. ಶೇಕ್ಸ್‌ಪಿಯರ್‌ನ ಸಣ್ಣ ಸೇವಕನೂ ಎದುರಿನವರ ಮಾತು ಹಿಡಿದು ತಿರುಗಿಸುತ್ತಾನೆ.

ಅಡಿಕೆ ತೋಟ

ಅಷ್ಟು ನಾಟಕ ಬರೆದರು ಅಂತೀರಿ, ಎಲ್ಲ ಉಳಿದಿವೆಯಾ?

ಸೈಡ್ ವಿಂಗ್

ಇಲ್ಲ ಸ್ವಾಮಿ, ಹೆಚ್ಚಿನವು ಹೋದವು. ಹೆನ್ಸ್ಲೋ ಪಟ್ಟಿಯಲ್ಲೇ ಬರೀ ಹೆಸರು ಉಳಿದ ನಾಟಕಗಳು ರಾಶಿ ಇವೆ. ಹೊಟ್ಟೆ ಉರಿಯುವ ಕಥೆ ಒಂದಿದೆ ಕೇಳಿ. ಹದಿನೆಂಟನೇ ಶತಮಾನದಲ್ಲಿ ಜಾನ್ ವಾರ್ಬರ್ಟನ್ ಎಂಬ ಹಳೇ ಕಾಗದ ಕೂಡಿಡುವವನ ಹತ್ತಿರ ಹಸ್ತಪ್ರತಿಗಳಿದ್ದವಂತೆ. ಅಡುಗೆಯವಳು ರದ್ದಿ ಅಂದುಕೊಂಡು ಒಲೆಗೆ ಹಾಕಿದಳು, ಉಳಿದದ್ದನ್ನು ಕಡುಬಿನ ತಟ್ಟೆಗೆ ಹಾಸಿದಳು ಅಂತ ಅವನೇ ಬರೆದಿಟ್ಟಿದ್ದಾನೆ. ಐವತ್ತಕ್ಕೂ ಜಾಸ್ತಿ ನಾಟಕಗಳ ಪಟ್ಟಿ ಕೊಟ್ಟಿದ್ದಾನೆ. ಉಳಿದದ್ದು ಮೂರು ಮತ್ತೊಂದು ಚೂರು. ಪಟ್ಟಿಯಲ್ಲಿದ್ದ ಎಲ್ಲವೂ ನಿಜಕ್ಕೂ ಅವನ ಹತ್ತಿರ ಇದ್ದವಾ ಅಂತ ವಿದ್ವಾಂಸರಿಗೆ ಸಂಶಯ. ಬೈಸಿಕೊಂಡದ್ದು ಮಾತ್ರ ಆ ಅಡುಗೆಯವಳು.

ಶೇಕ್ಸ್‌ಪಿಯರ್‌ದೂ ಅರ್ಧ ಹೋಗುತ್ತಿತ್ತು. ಅವನು ಸತ್ತು ಏಳು ವರ್ಷಕ್ಕೆ, 1623ರಲ್ಲಿ, ಜೊತೆಗಾರ ನಟರಾದ ಹೆಮಿಂಜ್ ಮತ್ತು ಕಾಂಡೆಲ್ 36 ನಾಟಕ ಸೇರಿಸಿ ಫೋಲಿಯೋ, ಅಂದರೆ ದೊಡ್ಡ ಹಾಳೆಯ ಪುಸ್ತಕ, ತಂದರು. ಅದರಲ್ಲಿ 18 ಅದುವರೆಗೆ ಅಚ್ಚೇ ಆಗಿರಲಿಲ್ಲ. ‘ಮ್ಯಾಕ್‌ಬೆತ್’, ‘ಟೆಂಪೆಸ್ಟ್’ ಎರಡೂ ಆ ಗುಂಪಿನವು. ಆ ಪುಸ್ತಕ ಬರದಿದ್ದರೆ ‘ಬಿರುಗಾಳಿ’ ಎಲ್ಲಿಂದ ಬೀಸುತ್ತಿತ್ತು?

ಥೇಮ್ಸ್ ದಡದ ಕನ್ನಡತಿ

ಮೊದಲ ನಾಟಕ ಯಾವುದು ಅನ್ನುವುದಕ್ಕೆ ಬರೋಣ. ಫೌಸ್ಟಸ್ ಒಳ್ಳೆಯದೇ. ಆದರೆ ನನ್ನ ಓಟು ‘ಆರ್ಡನ್ ಆಫ್ ಫೇವರ್‌ಶಮ್’ಗೆ.

1592ರಲ್ಲಿ ಅಚ್ಚಾಯಿತು. ಬರೆದವರ ಹೆಸರಿಲ್ಲ. ಕೆಲವು ಭಾಗ ಶೇಕ್ಸ್‌ಪಿಯರ್‌ದು ಅಂತ ಕೆಲವರು ವಾದಿಸುತ್ತಾರೆ. ರಾಜ ರಾಣಿ ಯಾರೂ ಇಲ್ಲ. 1551ರಲ್ಲಿ ಕೆಂಟ್‌ನ ಒಂದು ಪಟ್ಟಣದಲ್ಲಿ ನಿಜಕ್ಕೂ ನಡೆದ ಕೊಲೆ. ಹೆಂಡತಿ ಆಲಿಸ್, ಪ್ರಿಯಕರ ಮೊಸ್ಬಿ ಸೇರಿ ಗಂಡನನ್ನು ಕೊಲ್ಲಬೇಕು. ಗಂಜಿಗೆ ವಿಷ ಹಾಕುತ್ತಾಳೆ, ರುಚಿ ಸರಿಯಿಲ್ಲ ಅಂತ ಅವನು ಬಿಡುತ್ತಾನೆ. ಬ್ಲ್ಯಾಕ್ ವಿಲ್, ಶೇಕ್‌ಬ್ಯಾಗ್ ಅಂತ ಇಬ್ಬರು ಬಾಡಿಗೆ ಕೊಲೆಗಾರರು ಬರುತ್ತಾರೆ. ಒಮ್ಮೆ ಅಂಗಡಿ ಹುಡುಗ ಇಳಿಸಿದ ಕಿಟಕಿ ಹಲಗೆ ವಿಲ್‌ನ ತಲೆಗೇ ಬೀಳುತ್ತೆ. ಇನ್ನೊಮ್ಮೆ ಮಂಜು ಕವಿದು ದಾರಿ ಕಾಣದೆ ಶೇಕ್‌ಬ್ಯಾಗ್ ಹಳ್ಳಕ್ಕೆ ಬೀಳುತ್ತಾನೆ. ನಗುತ್ತಾ ನಗುತ್ತಾ ಹೋಗುತ್ತೀರಿ. ಕೊನೆಗೆ ಮನೆಯಲ್ಲೇ ಪಗಡೆಯಂಥ ಆಟ ಆಡುತ್ತಾ ಕೂತವನನ್ನು ಮುಗಿಸುತ್ತಾರೆ. ಹೆಣ ಹೊರಗೆ ಎಳೆದು ಹಾಕುತ್ತಾರೆ. ಹಿಮದಲ್ಲಿ ಹೆಜ್ಜೆ ಗುರುತು ಮನೆಯ ಕಡೆಗೇ ತೋರಿಸುತ್ತೆ.

ಆಲಿಸ್ ಪಾತ್ರ ಬಿಟ್ಟುಬಿಡುವ ಹಾಗೇ ಇಲ್ಲ. ಸುಳ್ಳು, ಆಸೆ, ಭಯ, ಗಂಡನ ಮೇಲಿನ ಅಸಹ್ಯ, ಪ್ರಿಯಕರನ ಮೇಲಿನ ಅನುಮಾನ, ಎಲ್ಲ ಒಂದೇ ಉಸಿರಲ್ಲಿ. ಇದನ್ನು ಆಡಿದ್ದು ಗಂಡು ಹುಡುಗ ಅನ್ನುವುದನ್ನು ಮರೆಯಬೇಡಿ. ಲಂಡನ್ನಿನ ವೃತ್ತಿರಂಗಭೂಮಿಗೆ ಹೆಣ್ಣು ನಟಿ ಬಂದದ್ದು 1660ರಲ್ಲಿ. ಇದಾದ ಮೇಲೆ ವೆಬ್‌ಸ್ಟರ್‌ನ ‘ದಿ ಡಚೆಸ್ ಆಫ್ ಮಾಲ್ಫಿ’ ಓದಿ. ವಿಧವೆಯೊಬ್ಬಳು ತನಗಿಷ್ಟ ಬಂದವನನ್ನು ಮದುವೆಯಾದದ್ದಕ್ಕೆ ಅಣ್ಣತಮ್ಮಂದಿರು ಏನೆಲ್ಲ ಮಾಡುತ್ತಾರೆ ನೋಡಿ. ಅದನ್ನು ನಮಗೆ ಯಾರೂ ವಿವರಿಸಿ ಹೇಳಬೇಕಿಲ್ಲ, ಅಲ್ವಾ?

ಹಳೇ ಮೇಷ್ಟ್ರು

ತಾಯೀ, ಆರ್ಡನ್ ಒಳ್ಳೆಯ ಆಯ್ಕೆ, ಒಪ್ಪಿದೆ. ಆದರೂ ಫೌಸ್ಟಸ್ ಪರವಾಗಿ ಒಂದು ಮಾತು. ಆತ್ಮವನ್ನು 24 ವರ್ಷಕ್ಕೆ ಒತ್ತೆ ಇಟ್ಟು ಜಗತ್ತನ್ನೇ ಗೆಲ್ಲುತ್ತೇನೆ ಅಂದವನು ಮಾಡುವುದೇನು? ಪೋಪನ ತಟ್ಟೆ ಕಸಿಯುತ್ತಾನೆ. ಗರ್ಭಿಣಿ ರಾಜವಧುವಿಗೆ ಚಳಿಗಾಲದಲ್ಲಿ ದ್ರಾಕ್ಷಿ ತರಿಸಿಕೊಡುತ್ತಾನೆ. ಮಧ್ಯದ ಈ ದೃಶ್ಯಗಳು ಪೇಲವ ಅಂತ ವಿಮರ್ಶಕರು ಮೂಗು ಮುರಿಯುತ್ತಾರೆ. ನನಗೆ ನಾಟಕದ ತಿರುಳೇ ಅಲ್ಲಿದೆ ಅನಿಸುತ್ತದೆ. ಸಿಕ್ಕ ಶಕ್ತಿಯನ್ನು ಮನುಷ್ಯ ಇಂಥದ್ದಕ್ಕೇ ಖರ್ಚು ಮಾಡುವುದು.

ಓದುವಾಗ ಯಾವ ಪಾಠ, ಅಂದರೆ ಅಚ್ಚಾದ ಯಾವ ರೂಪ, ಅಂತ ನೋಡಿಕೋಪ್ಪ. 1604ರ ಪಾಠ ಚಿಕ್ಕದು, ಬಿಗಿ. 1616ರದು ಉದ್ದ, ಚೇಷ್ಟೆ ಜಾಸ್ತಿ. 1602ರಲ್ಲಿ ಹೆನ್ಸ್ಲೋ ಇಬ್ಬರಿಗೆ 4 ಪೌಂಡ್ ಕೊಟ್ಟು ದೃಶ್ಯ ಸೇರಿಸಿದ ಲೆಕ್ಕ ಇದೆ. ಮೊದಲ ಸಲ ಚಿಕ್ಕದನ್ನೇ ಓದು.

ಕೊನೇ ಬೆಂಚು

ಮೇಷ್ಟ್ರೇ, ಅಕ್ಕಾ, ಎಲ್ಲರಿಗೂ ಥ್ಯಾಂಕ್ಸ್. ಆರ್ಡನ್ ಮೊದಲು, ಫೌಸ್ಟಸ್ ಆಮೇಲೆ. ಎರಡೂ ಪುಕ್ಕಟೆ ಇ-ಪುಸ್ತಕವಾಗಿ ಸಿಕ್ಕಿವೆ. ಹಾಸ್ಟೆಲಿನಲ್ಲಿ ನಾಲ್ಕು ಜನ ಓದಲು ಒಪ್ಪಿದ್ದಾರೆ. ಸೈಡ್ ವಿಂಗ್ ಅವರು ಹೇಳಿದ ಹಾಗೆ ಕ್ಯೂ ಚೀಟಿ ಮಾಡಿಕೊಂಡು ಓದಿದರೆ ಹೇಗೆ? ಭಾಷೆ ಕಷ್ಟ ಆಗುತ್ತಾ?

ಹಳೇ ಮೇಷ್ಟ್ರು

ಮೊದಲ ಸಲ ಚೀಟಿ ಬೇಡ. ಕಥೆಯೇ ಗೊತ್ತಿಲ್ಲದೆ ಹಳೇ ಇಂಗ್ಲಿಷಿನಲ್ಲಿ ತಡಕಾಡಿದರೆ ಅರ್ಧ ಗಂಟೆಗೆ ಎಲ್ಲರೂ ಎದ್ದು ಹೋಗುತ್ತಾರೆ. ಕಾಗುಣಿತ ಈಗಿನದಕ್ಕೆ ತಿದ್ದಿದ, ಟಿಪ್ಪಣಿ ಇರುವ ಪ್ರತಿ ಹುಡುಕು. ಒಬ್ಬೊಬ್ಬರೂ ಒಮ್ಮೆ ಪೂರ್ತಿ ಓದಿ ಬನ್ನಿ.

ಸೈಡ್ ವಿಂಗ್

ಆಗ ಗಾಬರಿ ಎಲ್ಲಿಂದ ಬರುತ್ತೆ ಮೇಷ್ಟ್ರೇ? ಪೂರ್ತಿ ಓದಿ ಬಂದವನು ಕ್ಯೂಗೆ ಕಾಯೋದೇ ಇಲ್ಲ. ಕೊನೇ ಬೆಂಚು, ಒಂದು ಕೆಲಸ ಮಾಡಿ. ಆರ್ಡನ್‌ನ ಮೊದಲ ದೃಶ್ಯಕ್ಕೆ ಮಾತ್ರ ಚೀಟಿ ಹಾಕಬೇಡಿ, ಅದೊಂದೇ ಆರುನೂರು ಸಾಲು ದಾಟುತ್ತೆ. ಅದನ್ನು ಸರದಿಯಲ್ಲಿ ಓದಿ ಮುಗಿಸಿ. ಕೊಲೆಗಾರರಿಬ್ಬರು ಬರುವ ದೃಶ್ಯದಿಂದ ಚೀಟಿ ಶುರು ಮಾಡಿ. ಅವರಿಗೂ ಏನು ನಡೀತಿದೆ ಅಂತ ಗೊತ್ತಿರಲ್ಲ.

ಬೇವು ಬೆಲ್ಲ

ಇಷ್ಟೆಲ್ಲ ಓದಿ ‘ದಿ ಜ್ಯೂ ಆಫ್ ಮಾಲ್ಟಾ’ ಮಾತ್ರ ಬಿಟ್ಟುಬಿಡಬೇಡಿ. ಅದಕ್ಕೆ ಪ್ರತ್ಯೇಕ ಚರ್ಚೆ ಶುರು ಮಾಡಿದರೆ ಜಗಳಕ್ಕೆ ನಾನು ರೆಡಿ.